ಬೊಂಡ ಎಲ್ಲರಿಗೂ ಒಳ್ಳೆಯದಲ್ಲ: ಕಿಡ್ನಿ ರೋಗಿಯ ಮನೆಯವರು ತಿಳಿದಿರಬೇಕಾದ ಪೊಟ್ಯಾಸಿಯಂ ಲೆಕ್ಕ

ಕಾಸರಗೋಡು: ತೆಂಗಿನ ಬುಡ ಬಿಡಿಸಿ ಗೊಬ್ಬರ ಹಾಕುವ ನಮ್ಮ ಕೃಷಿಕರಿಗೆ ಪೊಟ್ಯಾಷ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭಗೊಂಡು 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾದ ನಮ್ಮೂರ ಸಿಪಿಸಿಆರ್‌ಐಯ ಶಿಫಾರಸು ಹಲವರಿಗೆ ಬಾಯಿಪಾಠ. ಫಲ ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ಪೊಟ್ಯಾಷ್‌ನ ಲೆಕ್ಕ ಸಾರಜನಕದ ಎರಡು ಪಟ್ಟಿಗಿಂತಲೂ ಹೆಚ್ಚು. ಎಂಒಪಿ ಗೊಬ್ಬರದ ರೂಪದಲ್ಲಿ ಇದು ಮರವೊಂದಕ್ಕೆ ಸುಮಾರು ಎರಡು ಕಿಲೋ.

ಇಷ್ಟೊಂದು ಪೊಟ್ಯಾಷ್ ಮರ ಏನು ಮಾಡುತ್ತದೆ? ಒಂದು ಪಾಲು ಮಡಲಿಗೆ, ಒಂದು ಪಾಲು ಸಿಪ್ಪೆಗೆ ಹೋಗುತ್ತದೆ. ಇನ್ನೊಂದು ಪಾಲು ಬೊಂಡದ ನೀರಿಗೆ ಇಳಿಯುತ್ತದೆ. ಗೊಬ್ಬರದ ಚೀಲದ ಮೇಲೆ ಪೊಟ್ಯಾಷ್ ಎಂದು ಬರೆದಿರುವುದೂ, ಮಂಗಳೂರಿನ ಲ್ಯಾಬಿನ ರಕ್ತ ಪರೀಕ್ಷೆಯ ವರದಿಯಲ್ಲಿ ಪೊಟ್ಯಾಸಿಯಂ ಎಂದು ಬರುವುದೂ ಒಂದೇ ಧಾತುವಿನ ವಿಷಯ. ಕಿಡ್ನಿ ಸರಿಯಿದ್ದವರಿಗೆ ಈ ಧಾತು ಅಮೃತ. ಕಿಡ್ನಿ ಸೋತವರಲ್ಲಿ ಇದೇ ಧಾತು ಯಾವ ಮುನ್ಸೂಚನೆಯನ್ನೂ ಕೊಡದೆ ಹೃದಯವನ್ನು ನಿಲ್ಲಿಸಬಲ್ಲದು. ಸಕ್ಕರೆ ಕಾಯಿಲೆಯ ಬಗ್ಗೆ ಹಳ್ಳಿಯ ಅಜ್ಜಿಗೂ ಗೊತ್ತು, ಬಿಪಿಗೆ ಉಪ್ಪು ಬಿಡಬೇಕು ಎಂಬುದೂ ಗೊತ್ತು. ಪೊಟ್ಯಾಸಿಯಂ ವಿಷಯ ಮಾತ್ರ ಡಯಾಲಿಸಿಸ್ ಕೊಠಡಿಯ ಬಾಗಿಲಿನಿಂದ ಹೊರಗೆ ಬಂದಿಲ್ಲ.

ಬೂದಿಯಿಂದ ಬಂದ ಹೆಸರು

ಪೊಟ್ಯಾಷ್ ಎಂದರೆ ಮೂಲದಲ್ಲಿ ಮಡಕೆಯ ಬೂದಿ. ಗಿಡಮರಗಳನ್ನು ಸುಟ್ಟ ಬೂದಿಯನ್ನು ನೀರಿಗೆ ಹಾಕಿ, ತಿಳಿಯನ್ನು ಮಡಕೆಯಲ್ಲಿ ಕುದಿಸಿ ಬತ್ತಿಸಿದರೆ ಉಳಿಯುವ ಕ್ಷಾರವೇ ಅದು. ಅರಬಿ ಭಾಷೆಯಲ್ಲಿ ಗಿಡದ ಬೂದಿಗಿದ್ದ ಹೆಸರಿನಿಂದ ಕೇಲಿಯಂ ಎಂಬ ಲ್ಯಾಟಿನ್ ಪದ ಬಂತು. ಎನ್‌ಪಿಕೆ ಗೊಬ್ಬರದ ಕೆ ಅಕ್ಷರ ಅದರದ್ದೇ. 1807ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಈ ಧಾತುವನ್ನು ಪ್ರತ್ಯೇಕಿಸಿದರು. ಬೂದಿ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದ ಕಾಲವನ್ನು ಕಂಡ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಅಂದರೆ ಗಿಡದಿಂದ ಬಂದ ಯಾವ ಆಹಾರದಲ್ಲೂ, ಸೊಪ್ಪಾಗಲಿ ಕಾಯಿಯಾಗಲಿ ಗೆಡ್ಡೆಯಾಗಲಿ, ಪೊಟ್ಯಾಸಿಯಂ ಇದ್ದೇ ಇರುತ್ತದೆ. ಮೀನು, ಮಾಂಸ, ಹಾಲಿನಲ್ಲೂ ಇದೆ. ಪೂರ್ತಿ ಬಿಟ್ಟುಬಿಡುತ್ತೇನೆ ಎಂದರೆ ಉಪವಾಸ ಕೂರಬೇಕಷ್ಟೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು, ಯಾವಾಗ ಎಂಬುದು.

ನಮ್ಮ ದೇಹದಲ್ಲಿರುವ ಪೊಟ್ಯಾಸಿಯಂನ ಸುಮಾರು 98 ಶೇಕಡಾ ಜೀವಕೋಶಗಳ ಒಳಗಿರುತ್ತದೆ. ರಕ್ತದಲ್ಲಿ ಓಡಾಡುವುದು ತೀರಾ ಅಲ್ಪ. ಕೋಶದ ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂಬ ಈ ವ್ಯತ್ಯಾಸದ ಮೇಲೆಯೇ ನರಗಳ ಮತ್ತು ಸ್ನಾಯುಗಳ ವಿದ್ಯುತ್ ಕೆಲಸ ನಡೆಯುತ್ತದೆ. ಹೃದಯವೂ ಒಂದು ಸ್ನಾಯು. ಹೊರಗಿನ ಪ್ರಮಾಣ ಸ್ವಲ್ಪ ಏರಿದರೂ ಬಡಿತದ ತಾಳ ತಪ್ಪುತ್ತದೆ. ರಕ್ತದಲ್ಲಿ ಲೀಟರಿಗೆ 3.5ರಿಂದ 5ರ ಆಸುಪಾಸು ಇದ್ದರೆ ಸಹಜ. 5.5 ದಾಟಿದರೆ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. 6.5 ದಾಟಿದರೆ ಅದು ತುರ್ತು ಚಿಕಿತ್ಸೆಯ ವಿಷಯ. ಸಕ್ಕರೆ ಅಂಶ 100 ಇದ್ದದ್ದು 200 ಆದರೂ ಓಡಾಡಿಕೊಂಡಿರುವವರು ಇದ್ದಾರೆ. ಪೊಟ್ಯಾಸಿಯಂ ಹಾಗೆ ದುಪ್ಪಟ್ಟಾದರೆ ಬದುಕುವುದು ಕಷ್ಟ.

ದಿನವೂ ತಿಂದದ್ದರಲ್ಲಿ ಹೆಚ್ಚಾದ ಪೊಟ್ಯಾಸಿಯಂನ ಸುಮಾರು 90 ಶೇಕಡಾವನ್ನು ಮೂತ್ರದ ಮೂಲಕ ಹೊರಹಾಕುವುದು ಮೂತ್ರಪಿಂಡಗಳ ಕೆಲಸ. ಉಳಿದದ್ದು ಮಲದಲ್ಲಿ ಹೋಗುತ್ತದೆ. ಆರೋಗ್ಯವಂತ ವಯಸ್ಕರು ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಪೊಟ್ಯಾಸಿಯಂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿದೆ. ಅದು ರಕ್ತದೊತ್ತಡಕ್ಕೆ ಒಳ್ಳೆಯದು. ಹೊರಹಾಕುವ ದಾರಿ ಮುಚ್ಚಿದವರಿಗೆ ಅದೇ ಸಲಹೆ ವಿಷ.

ಕಲ್ಲು ಬೇರೆ, ವೈಫಲ್ಯ ಬೇರೆ

ನಮ್ಮ ಊರುಗಳಲ್ಲಿ ದೊಡ್ಡ ಗೊಂದಲ ಇರುವುದು ಇಲ್ಲಿ. ಕಿಡ್ನಿಯಲ್ಲಿ ಕಲ್ಲು ಇದ್ದವರಿಗೆ ಚೆನ್ನಾಗಿ ನೀರು ಕುಡಿಯಿರಿ, ಬೊಂಡ ಕುಡಿಯಿರಿ, ಬಾಳೆದಿಂಡಿನ ರಸ ಕುಡಿಯಿರಿ ಎಂದು ಹೇಳುವುದುಂಟು. ಇದು ಬಾಯಿಂದ ಬಾಯಿಗೆ ಹೋಗುವಾಗ ಕಲ್ಲು ಎಂಬ ಪದ ಬಿದ್ದುಹೋಗಿ 'ಕಿಡ್ನಿಗೆ ಬೊಂಡ ಒಳ್ಳೆಯದು' ಎಂದಷ್ಟೇ ಉಳಿಯುತ್ತದೆ. ದೀರ್ಘಕಾಲದ ಮೂತ್ರಪಿಂಡ ರೋಗ, ಆಸ್ಪತ್ರೆಯ ಭಾಷೆಯಲ್ಲಿ ಸಿಕೆಡಿ, ಇರುವವರಿಗೆ ನೆಂಟರು ಪ್ರೀತಿಯಿಂದ ಒಂದು ಗೊನೆ ಬೊಂಡ ಇಳಿಸಿ ತರುತ್ತಾರೆ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎಂಬ ಮರ್ಯಾದೆ ನಮ್ಮದು. ಆ ಗೊನೆಯ ಲೆಕ್ಕ ನೋಡೋಣ.

100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ತಳಿ, ಬೆಳವಣಿಗೆ, ಮಣ್ಣು ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಒಂದು ಬೊಂಡದಲ್ಲಿ 300 ಮಿಲಿಲೀಟರ್ ನೀರಿದ್ದರೆ 600ರಿಂದ 750 ಮಿಲಿಗ್ರಾಂ. ಪೊಟ್ಯಾಸಿಯಂ ಏರುವ ಸಮಸ್ಯೆಯಿರುವ ರೋಗಿಗೆ ದಿನಕ್ಕೆ ಒಟ್ಟು 2000ರಿಂದ 3000 ಮಿಲಿಗ್ರಾಂ ಒಳಗೆ ಇರಬೇಕು ಎಂದು ಆಹಾರ ತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು ಬೊಂಡ ಕುಡಿದರೆ ಊಟಕ್ಕೆ ಮೊದಲೇ ಅದರಲ್ಲಿ ಅರ್ಧ ಮುಗಿಯಿತು. ದ್ರವವಾದ್ದರಿಂದ ಬೇಗ ರಕ್ತಕ್ಕೆ ಸೇರುತ್ತದೆ ಎಂಬುದು ಇನ್ನೊಂದು ಅಪಾಯ.

ಕಿಡ್ನಿ ಕಾಯಿಲೆ ಇಲ್ಲದವರಿಗೂ ಮಿತಿ ಇದೆ. ಬಿಸಿಲಿನಲ್ಲಿ ದಿನವಿಡೀ ಟೆನ್ನಿಸ್ ಆಡಿ ಎಂಟು ಬಾಟಲಿ ಎಳನೀರು, ಅಂದರೆ ಸುಮಾರು ಎರಡೂವರೆ ಲೀಟರ್, ಕುಡಿದ 42 ವರ್ಷದ ವ್ಯಕ್ತಿಯೊಬ್ಬರು ಪೊಟ್ಯಾಸಿಯಂ ಏರಿ ಕುಸಿದು ಬಿದ್ದದ್ದನ್ನು 2014ರಲ್ಲಿ ಅಮೆರಿಕದ ವೈದ್ಯರು ಹೃದ್ರೋಗ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಅವರು ಬದುಕಿಕೊಂಡರು.

ಯಾರು ಬಿಡಬೇಕು, ಯಾರು ಬಿಡಬೇಕಾಗಿಲ್ಲ

ಇದನ್ನು ಓದಿ ಕಿಡ್ನಿ ಸ್ವಲ್ಪ ವೀಕ್ ಎಂದು ಡಾಕ್ಟರು ಹೇಳಿದವರೆಲ್ಲ ನಾಳೆಯಿಂದಲೇ ಸೊಪ್ಪು ಹಣ್ಣು ಬಿಟ್ಟರೆ ಅದೂ ತಪ್ಪಾಗುತ್ತದೆ. ರೋಗದ ಆರಂಭದ ಹಂತಗಳಲ್ಲಿ ಬಹುತೇಕ ಮಂದಿಯ ಪೊಟ್ಯಾಸಿಯಂ ಸಹಜವಾಗಿಯೇ ಇರುತ್ತದೆ. ಅವರಿಗೆ ತರಕಾರಿ, ಹಣ್ಣು ಲಾಭವೇ ಹೊರತು ನಷ್ಟವಲ್ಲ. ಮೂತ್ರಪಿಂಡದ ಸೋಸುವ ಶಕ್ತಿ 30ಕ್ಕಿಂತ ಕೆಳಗಿಳಿದ ಮೇಲೆ ತೊಂದರೆ ಹೆಚ್ಚು. ಜೊತೆಗೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಮೊದಲೇ ಕಾಣಿಸಿಕೊಳ್ಳಬಹುದು. 2020ರಲ್ಲಿ ಬಂದ ಮೂತ್ರಪಿಂಡ ರೋಗಿಗಳ ಆಹಾರ ಮಾರ್ಗಸೂಚಿಯಲ್ಲೂ, 2024ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಎಲ್ಲರಿಗೂ ಒಂದೇ ನಿಷೇಧದ ಪಟ್ಟಿ ಕೊಡಬೇಡಿ, ರಕ್ತದ ಮಟ್ಟ ನೋಡಿ ನಿರ್ಧರಿಸಿ ಎಂಬ ನಿಲುವೇ ಇದೆ. ಹೊಟ್ಟೆಯೊಳಗೆ ದ್ರವ ತುಂಬಿಸಿ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಕಡಿಮೆಯಾಗಿ, ಬಾಳೆಹಣ್ಣು ತಿನ್ನಿ ಎಂದು ವೈದ್ಯರೇ ಹೇಳುವ ಸಂದರ್ಭವೂ ಉಂಟು.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: 'ಡಾಕ್ಟ್ರೇ, ನನ್ನ ಪೊಟ್ಯಾಸಿಯಂ ಎಷ್ಟಿದೆ?' ಕ್ರಿಯಾಟಿನಿನ್ ಎಷ್ಟೆಂದು ನಮ್ಮವರು ಬೆರಳ ತುದಿಯಲ್ಲಿ ಹೇಳುತ್ತಾರೆ. ಅದೇ ಕಾಗದದಲ್ಲಿ ಸ್ವಲ್ಪ ಕೆಳಗಿರುವ ಪೊಟ್ಯಾಸಿಯಂ ಸಾಲನ್ನು ಓದುವವರು ಕಡಿಮೆ.

ನಮ್ಮ ಅಡುಗೆಮನೆಯ ಲೆಕ್ಕ

ಆಹಾರ ಪಟ್ಟಿಗಳು ಹೆಚ್ಚಾಗಿ ಬೇರೆ ಊರಿನ ಅಡುಗೆ ನೋಡಿ ಬರೆದಂತಿರುತ್ತವೆ. ಕಿತ್ತಳೆ ರಸ, ಆಲೂಗಡ್ಡೆ, ಚಾಕಲೇಟ್ ಎಂದಿರುತ್ತದೆ. ನಮ್ಮ ತಟ್ಟೆಗೆ ಬರುವುದು ಮರಗೆಣಸು, ಗುಜ್ಜೆ, ಕೆಸು, ನೇಂದ್ರ, ಹರಿವೆ.

ಬಾಳೆಹಣ್ಣಿನಲ್ಲಿ 100 ಗ್ರಾಮಿಗೆ ಸುಮಾರು 360 ಮಿಲಿಗ್ರಾಂ. ಆದರೆ ಬಾಳೆ ಎಂದರೆ ಯಾವ ಬಾಳೆ? ಸಿಪ್ಪೆ ಸುಲಿದು 50 ಗ್ರಾಂ ತೂಗುವ ಸಣ್ಣ ಕದಳಿಯಲ್ಲಿ 200ಕ್ಕಿಂತ ಕಡಿಮೆ. ದೊಡ್ಡ ನೇಂದ್ರ ಒಂದರಲ್ಲಿ 600ರಿಂದ 700ರವರೆಗೆ ಹೋಗಬಹುದು. ಒಂದು ಹಣ್ಣು ತಿನ್ನಬಹುದು ಎಂದು ವೈದ್ಯರು ಹೇಳಿದ್ದರೆ ಅದು ಯಾವ ಹಣ್ಣು ಎಂದು ಕೇಳಿಕೊಳ್ಳುವುದು ಒಳ್ಳೆಯದು. ನೇಂದ್ರದ ಚಿಪ್ಸ್‌ನಲ್ಲಿ ನೀರಿನಂಶ ಹೋಗಿರುವುದರಿಂದ ಪೊಟ್ಯಾಸಿಯಂ ಮತ್ತಷ್ಟು ಸಾಂದ್ರ. ಓಣಂ ಸಮಯದಲ್ಲಿ ಮಾತಾಡುತ್ತಾ ಕೂತರೆ ಪೊಟ್ಟಣ ಖಾಲಿಯಾಗುವುದು ಗೊತ್ತೇ ಆಗುವುದಿಲ್ಲ.

ಹಲಸಿನ ಹಣ್ಣಿನಲ್ಲಿ 100 ಗ್ರಾಮಿಗೆ ಸುಮಾರು 450. ಹಲಸಿನ ಕಾಲದಲ್ಲಿ ಎರಡು ಮೂರು ಸೊಳೆಗೆ ನಿಲ್ಲಿಸುವವರು ಯಾರು? 200 ಗ್ರಾಂ ತಿಂದರೆ 900 ಮಿಲಿಗ್ರಾಂ ಹೊಟ್ಟೆಗೆ ಹೋಯಿತು. ಹಲಸು ತಿಂದ ಮರುದಿನ ಡಯಾಲಿಸಿಸ್ ರೋಗಿಗೆ ಕಾಲು ಸೋತು ಬಂತು ಎಂದರೆ ಅದನ್ನು ವಾಯು ಎಂದು ತಳ್ಳಿಹಾಕಬಾರದು.

ಗೆಡ್ಡೆಗಳಲ್ಲಿ ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ, ಆಲೂಗಡ್ಡೆ, ಗೆಣಸು ಎಲ್ಲವೂ ಹೆಚ್ಚು ಪೊಟ್ಯಾಸಿಯಂ ಇರುವ ಗುಂಪಿಗೆ ಸೇರಿದವು. ಸೊಪ್ಪುಗಳಲ್ಲಿ ಹರಿವೆ, ಪಾಲಕ್ ಮುಂದೆ, ನುಗ್ಗೆ ಸೊಪ್ಪೂ ಹಿಂದೆ ಇಲ್ಲ. ಟೊಮೆಟೊ ಒಂದೆರಡು ಬಿದ್ದರೆ ದೊಡ್ಡ ಮಾತಲ್ಲ, ಆದರೆ ಟೊಮೆಟೊ ಸಾರನ್ನು ಲೋಟದಲ್ಲಿ ಕುಡಿಯುವ ಅಭ್ಯಾಸ ಬಿಡಬೇಕು. ಒಣ ದ್ರಾಕ್ಷಿ, ಖರ್ಜೂರ, ಒಣಗಿಸಿದ ಹಣ್ಣು ಯಾವುದಾದರೂ ಸಾಂದ್ರವೇ. ರಂಜಾನ್ ಉಪವಾಸ ಬಿಡುವಾಗ ಒಂದೆರಡು ಸಣ್ಣ ಖರ್ಜೂರದಿಂದ ಅನಾಹುತವಾಗದು. ಖರ್ಜೂರದ ಮೇಲೆ ಬೊಂಡ, ಬೊಂಡದ ಮೇಲೆ ಬಾಳೆಹಣ್ಣಿನ ಶೇಕ್ ಎಂದಾದರೆ ಲೆಕ್ಕ ಕೈಮೀರುತ್ತದೆ. ಸಕ್ಕರೆಯಲ್ಲಿ ಪೊಟ್ಯಾಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಬೆಲ್ಲದಲ್ಲಿ ಸಾಕಷ್ಟಿದೆ. 'ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದು' ಎಂಬ ನಂಬಿಕೆ ಇಲ್ಲಿ ಕೆಲಸ ಮಾಡದು.

ಕಡಿಮೆ ಇರುವುದೂ ಬೇಕಷ್ಟಿದೆ. ಬೇಯಿಸಿ ಬಸಿದ ಅನ್ನದಲ್ಲಿ 100 ಗ್ರಾಮಿಗೆ 35 ಮಿಲಿಗ್ರಾಂನಷ್ಟು ಮಾತ್ರ. ಸೋರೆ, ಹೀರೆ, ಸೌತೆ, ಎಲೆಕೋಸು, ಈರುಳ್ಳಿ ಸಾಧಾರಣ ಮಟ್ಟದವು. ಹಣ್ಣುಗಳಲ್ಲಿ ಸೇಬು, ಅನಾನಸು ಕಡಿಮೆಯವು, 100 ಗ್ರಾಮಿಗೆ 110ರ ಆಸುಪಾಸು. ಕಲ್ಲಂಗಡಿಯಲ್ಲೂ ಅಷ್ಟೇ, ಆದರೆ ಅದನ್ನು ಯಾರೂ 100 ಗ್ರಾಂ ತಿನ್ನುವುದಿಲ್ಲ ಎಂಬುದು ತೊಂದರೆ. ನೀರಿನ ಮಿತಿ ಇರುವವರಿಗೆ ಅದು ಇನ್ನೊಂದು ಲೆಕ್ಕ.

ಬೇಯಿಸಿದ ನೀರು ಚೆಲ್ಲಿ

ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ. ರೋಗಿಗೆ ಉಳಿದಿರುವ ದೊಡ್ಡ ಉಪಾಯ ಇದೇ. ತರಕಾರಿಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿದರೆ ಒಳ್ಳೆಯ ಪಾಲು ಹೊರಗೆ ಹೋಗುತ್ತದೆ. 2008ರಲ್ಲಿ ಅಮೆರಿಕದಲ್ಲಿ ಆಲೂಗಡ್ಡೆಯ ಮೇಲೆ ನಡೆದ ಪ್ರಯೋಗದಲ್ಲಿ ತುಂಡು ಮಾಡಿ ಬೇಯಿಸಿದಾಗ ಸುಮಾರು ಅರ್ಧದಷ್ಟು, ತುರಿದು ಬೇಯಿಸಿದಾಗ ಸುಮಾರು ಮುಕ್ಕಾಲು ಪಾಲು ಪೊಟ್ಯಾಸಿಯಂ ಕಡಿಮೆಯಾಯಿತು. ಬರೀ ತಣ್ಣೀರಿನಲ್ಲಿ ನೆನೆಸಿಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ರಾತ್ರಿ ನೆನೆಸಿಟ್ಟಿದ್ದೇನೆ, ಇನ್ನು ಭಯವಿಲ್ಲ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ಕುದಿಸಿ ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಕುದಿಸಿದರೆ ಗೆಡ್ಡೆಗಳಲ್ಲಿ ಇನ್ನಷ್ಟು ಇಳಿಯುತ್ತದೆ.

ಈ ವಿಷಯದಲ್ಲಿ ನಮ್ಮ ಹಳೆಯ ಅಡುಗೆಯೇ ಜಾಣತನ ತೋರಿದೆ. ಮರಗೆಣಸನ್ನು ತುಂಡು ಮಾಡಿ ಬೇಯಿಸಿ ನೀರು ಬಸಿಯುವುದು ಇಲ್ಲಿಯ ರೂಢಿ. ಅದರ ವಿಷಾಂಶ ತೆಗೆಯಲು ಮಾಡಿದ ಉಪಾಯದಿಂದ ಪೊಟ್ಯಾಸಿಯಂ ಕೂಡ ಇಳಿಯುತ್ತದೆ. ಕುಚ್ಚಲಕ್ಕಿ ಅನ್ನ ಬಸಿಯುವುದೂ ಹಾಗೆಯೇ. ಕುಕ್ಕರ್ ಬಂದ ಮೇಲೆ ಈ ಬಸಿಯುವ ಕೆಲಸ ನಿಂತಿದೆ. ಕುಕ್ಕರಿನಲ್ಲಿ ತರಕಾರಿ, ಬೇಳೆ, ನೀರು ಎಲ್ಲವೂ ಒಟ್ಟಿಗೆ ಬೆಂದು ಒಳಗಿದ್ದದ್ದು ಒಳಗೇ ಉಳಿಯುತ್ತದೆ. ಸಾಂಬಾರಿನಲ್ಲಿ ಹೋಳು ಬಿಟ್ಟು ಬರೀ ರಸ ಹಾಕಿಕೊಂಡೆ ಎಂದು ಸಮಾಧಾನಪಡುವ ರೋಗಿಗಳಿದ್ದಾರೆ. ಹೋಳಿನಿಂದ ಹೊರಬಂದದ್ದು ಆ ರಸದಲ್ಲೇ ಇದೆ. ಹೋಳನ್ನು ಮೊದಲು ಬೇರೆ ಪಾತ್ರೆಯಲ್ಲಿ ಬೇಯಿಸಿ ಬಸಿದು, ಆಮೇಲೆ ಕೊದ್ದಿಲಿಗೆ ಹಾಕಿದರೆ ರುಚಿ ಸ್ವಲ್ಪ ಹೋಗುತ್ತದೆ ನಿಜ. ತೆಂಗಿನಕಾಯಿ ಅರಪ್ಪಿನ ಬಗ್ಗೆ ಹೆದರಿಕೆ ಅನಗತ್ಯ. ಒಬ್ಬರ ಪಾಲಿಗೆ ಬರುವ ತುರಿ ಕಡಿಮೆ. ಮೀನು, ಮೊಟ್ಟೆಯನ್ನು ಪೂರ್ತಿ ಬಿಡುವುದು ಕೂಡ ಡಯಾಲಿಸಿಸ್ ರೋಗಿಗೆ ಒಳ್ಳೆಯದಲ್ಲ, ಅವರಿಗೆ ಪ್ರೋಟೀನ್ ಬೇಕು.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಯೂ ಇರುವ ಡಯಾಲಿಸಿಸ್ ರೋಗಿಗೆ ಒಮ್ಮೆಲೇ ಸಕ್ಕರೆ ಇಳಿದು ಬೆವರು, ನಡುಕ ಬಂದಾಗ ಮನೆಯವರು ಕೈಗೆ ಸಿಕ್ಕಿದ ಬಾಳೆಹಣ್ಣು ಅಥವಾ ಕಿತ್ತಳೆ ರಸ ಕೊಡುತ್ತಾರೆ. ಅಂಥವರಿಗೆ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯೇ ಕ್ಷೇಮ.

ಕುಂಬಳ ಎಂದರೆ ಯಾವ ಕುಂಬಳ?

ನಮ್ಮ ಜಿಲ್ಲೆಯ ವಿಶೇಷ ಸಮಸ್ಯೆ ಭಾಷೆಯದು. ರೋಗಿ ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ, ಪೇಟೆಯಲ್ಲಿ ಮಲಯಾಳ. ಕಾಸರಗೋಡು, ಕಾಞಂಗಾಡಿನ ಆಸ್ಪತ್ರೆಯಲ್ಲಿ ಮಲಯಾಳದ ಪಟ್ಟಿ ಸಿಗುತ್ತದೆ, ಮಂಗಳೂರಿಗೆ ಹೋದರೆ ಇಂಗ್ಲಿಷಿನದು. ಎರಡನ್ನೂ ಓದಬಲ್ಲ ಮಗ ದುಬೈಯಲ್ಲೋ ಬೆಂಗಳೂರಲ್ಲೋ ಇರುತ್ತಾನೆ.

ಇಂಗ್ಲಿಷ್ ಪಟ್ಟಿಯ ಪಂಪ್ಕಿನ್ ಎಂಬುದನ್ನು ಕನ್ನಡಕ್ಕೆ ತಂದವರು ಕುಂಬಳಕಾಯಿ ಎನ್ನುತ್ತಾರೆ. ನಮ್ಮ ಕಡೆ ಕುಂಬಳ ಎಂದರೆ ಬೂದುಗುಂಬಳ, ಮಲಯಾಳದ ಕುಂಬಳಙವೂ ಅದೇ. ಪಟ್ಟಿಯಲ್ಲಿ ಹೇಳಿದ್ದು ಚೀನಿಕಾಯಿ, ಸಿಹಿಗುಂಬಳ, ಮಲಯಾಳದ ಮತ್ತಙ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೂದುಗುಂಬಳದಲ್ಲಿ ಕಡಿಮೆ. ಹೀಗೆ ತಿನ್ನಬಹುದಾದದ್ದನ್ನು ಬಿಟ್ಟು, ಬಿಡಬೇಕಾದದ್ದನ್ನು ತಿನ್ನುವ ಪರಿಸ್ಥಿತಿ. ಮಲಯಾಳ ಪಟ್ಟಿಯಲ್ಲಿ ಚೇನ ಎಂದರೆ ಸುವರ್ಣಗೆಡ್ಡೆ, ಚೇಂಬು ಎಂದರೆ ಕೆಸು, ಚೀರ ಎಂದರೆ ಹರಿವೆ, ಮುರಿಂಙಯಿಲ ಎಂದರೆ ನುಗ್ಗೆ ಸೊಪ್ಪು, ಕಪ್ಪ ಅಥವಾ ಪೂಳ ಎಂದರೆ ಮರಗೆಣಸು, ಕರಿಕ್ಕ್ ಎಂದರೆ ನಮ್ಮ ಬೊಂಡ. ಕನ್ನಡದಲ್ಲಿ ಬೋರ್ಡ್ ಬೇಕು, ಅರ್ಜಿ ಫಾರಂ ಬೇಕು ಎಂದು ಭಾಷಾ ಅಲ್ಪಸಂಖ್ಯಾತರಾದ ನಾವು ಹಲವು ಸಲ ಮನವಿ ಕೊಟ್ಟಿದ್ದೇವೆ. ಡಯಾಲಿಸಿಸ್ ಕೊಠಡಿಯ ಆಹಾರ ಪಟ್ಟಿ ಕನ್ನಡದಲ್ಲಿ ಬೇಕೆಂದು ಕೇಳುವುದೂ ಅಷ್ಟೇ ನ್ಯಾಯ.

ಉಪ್ಪಿನ ಪೊಟ್ಟಣ ಓದಿ

ಬಿಪಿಗೆ ಒಳ್ಳೆಯದೆಂದು 'ಕಡಿಮೆ ಸೋಡಿಯಂ' ಉಪ್ಪು ಅಂಗಡಿಗಳಲ್ಲಿ ಸಿಗುತ್ತದೆ. ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ಅದರಲ್ಲಿ ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್. ತೆಂಗಿನ ಬುಡಕ್ಕೆ ಹಾಕುವ ಎಂಒಪಿಯ ಮುಖ್ಯ ವಸ್ತುವೂ ಇದೇ, ಶುದ್ಧೀಕರಿಸಿದ್ದು ಎಂಬುದಷ್ಟೇ ವ್ಯತ್ಯಾಸ. ಸಾಮಾನ್ಯ ಜನರಿಗೆ ಇಂಥ ಉಪ್ಪಿನಿಂದ ಲಾಭವಿದೆ. ವಿಶ್ವ ಆರೋಗ್ಯ ಸಂಸ್ಥೆಯೇ 2025ರ ಜನವರಿಯಲ್ಲಿ ಮನೆಬಳಕೆಗೆ ಇದನ್ನು ಸೂಚಿಸಿತು. ಆದರೆ ಅದೇ ಸೂಚನೆಯಲ್ಲಿ ಗರ್ಭಿಣಿಯರು, ಮಕ್ಕಳು ಮತ್ತು ಮೂತ್ರಪಿಂಡದ ತೊಂದರೆ ಇರುವವರನ್ನು ಹೊರಗಿಟ್ಟಿದೆ. ಬಿಪಿ ಮತ್ತು ಕಿಡ್ನಿ ರೋಗ ಹೆಚ್ಚಾಗಿ ಒಬ್ಬರಲ್ಲೇ ಇರುವುದರಿಂದ ಮನೆಯವರು ಒಳ್ಳೆಯದನ್ನೇ ಮಾಡುತ್ತಿದ್ದೇವೆಂದುಕೊಂಡು ಈ ಉಪ್ಪು ತರುತ್ತಾರೆ. ಪೊಟ್ಟಣದ ಹಿಂದೆ ಪೊಟ್ಯಾಸಿಯಂ ಕ್ಲೋರೈಡ್ ಎಂದಿದ್ದರೆ ರೋಗಿಯ ಅಡುಗೆಗೆ ಬೇಡ. ಗಿಡದ ಆಹಾರದಲ್ಲಿರುವ ಪೊಟ್ಯಾಸಿಯಂ ಪೂರ್ತಿ ರಕ್ತ ಸೇರುವುದಿಲ್ಲ, ಹೀಗೆ ಉಪ್ಪಿನ ರೂಪದಲ್ಲಿ ಬೆರೆಸಿದ್ದು ಹೆಚ್ಚುಕಡಿಮೆ ಎಲ್ಲವೂ ಸೇರುತ್ತದೆ.

ಹಿತ್ತಿಲ ಎರಡು ಹುಳಿಗಳು

ಪೊಟ್ಯಾಸಿಯಂಗಿಂತ ಬೇರೆಯೇ ಕಾರಣಕ್ಕೆ ಎರಡು ಹಣ್ಣುಗಳ ಬಗ್ಗೆ ಇಲ್ಲಿ ಹೇಳಲೇಬೇಕು. ದಾರೆಹುಳಿ, ಮಲಯಾಳದಲ್ಲಿ ಚತುರಪ್ಪುಳಿ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು. ಅದರಲ್ಲಿರುವ ಕಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲಿನ ಸಂಶೋಧಕರು 2013ರಲ್ಲಿ ಗುರುತಿಸಿದರು. ಆರೋಗ್ಯವಂತರ ಕಿಡ್ನಿ ಅದನ್ನು ಹೊರಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ಮೆದುಳಿಗೆ ಏರಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ ತರುತ್ತದೆ. ಸಾವುಗಳೂ ಆಗಿವೆ. ಇದರಲ್ಲಿ ಸ್ವಲ್ಪ ತಿನ್ನಬಹುದು ಎಂಬ ಮಾತಿಲ್ಲ.

ಇನ್ನೊಂದು ಬಿಂಬುಳಿ, ಇರುಂಬನ್ ಪುಳಿ. ಕೊಲೆಸ್ಟರಾಲ್ ಇಳಿಯುತ್ತದೆಂದು ಇದರ ರಸ ಕುಡಿದು ಕಿಡ್ನಿ ಕೆಡಿಸಿಕೊಂಡ 10 ಮಂದಿಯ ವಿವರವನ್ನು ಕೇರಳದ ಐದು ಆಸ್ಪತ್ರೆಗಳ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಆಕ್ಸಲೇಟ್ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಮೀನು ಸಾರಿಗೆ ಎರಡು ಬಿಂಬುಳಿ ಹಾಕುವುದಕ್ಕೂ ದಿನವೂ ಲೋಟ ತುಂಬ ರಸ ಹಿಂಡಿ ಕುಡಿಯುವುದಕ್ಕೂ ಅಜಗಜಾಂತರ. ಇವರಲ್ಲಿ ಕಿಡ್ನಿ ಚೆನ್ನಾಗಿದ್ದವರೂ ಇದ್ದರು ಎಂಬುದನ್ನು ವಾಟ್ಸ್‌ಆಪ್ ವೈದ್ಯರು ನೆನಪಿಡಬೇಕು.

ಔಷಧಿಯಿಂದಲೂ ಏರುತ್ತದೆ

ಊಟದಲ್ಲಿ ಎಷ್ಟೇ ಎಚ್ಚರವಿದ್ದರೂ ಪೊಟ್ಯಾಸಿಯಂ ಏರುವುದುಂಟು. ಬಿಪಿಗೂ ಕಿಡ್ನಿಯ ರಕ್ಷಣೆಗೂ ಕೊಡುವ ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್, ಹೃದಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಏರಿಸಬಲ್ಲವು. ಹಾಗೆಂದು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು, ಅವುಗಳಿಂದಾಗುವ ಉಪಕಾರ ದೊಡ್ಡದು. ಶುರು ಮಾಡಿದ ಒಂದೆರಡು ವಾರಗಳಲ್ಲಿ, ಡೋಸ್ ಬದಲಿಸಿದಾಗ ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳುವುದು ಇದಕ್ಕೇ. ಸೊಂಟ ನೋವಿಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಮಾತ್ರ ಎರಡೂ ಕಡೆಯಿಂದ ಹೊಡೆಯುತ್ತವೆ: ಕಿಡ್ನಿಯನ್ನೂ ಕುಗ್ಗಿಸುತ್ತವೆ, ಪೊಟ್ಯಾಸಿಯಂ ಅನ್ನೂ ಏರಿಸುತ್ತವೆ. ಮಲಬದ್ಧತೆಯೂ ಕಾರಣವಾಗುತ್ತದೆ. ಕಿಡ್ನಿ ಸೋತಾಗ ಕರುಳು ಹೆಚ್ಚು ಪೊಟ್ಯಾಸಿಯಂ ಹೊರಹಾಕಲು ಯತ್ನಿಸುತ್ತದೆ, ಆ ದಾರಿಯೂ ಕಟ್ಟಿಹೋದರೆ ಕಷ್ಟ. ಪೊಟ್ಯಾಸಿಯಂ ಅನ್ನು ಕರುಳಿನಲ್ಲೇ ಹಿಡಿದು ಹೊರಗೆ ಕಳಿಸುವ ಪುಡಿಗಳನ್ನು ವೈದ್ಯರು ಕೊಡುತ್ತಾರೆ, ಅದು ಬೊಂಡ ಕುಡಿಯಲು ಪರವಾನಗಿಯಲ್ಲ.

ಎರಡು ಡಯಾಲಿಸಿಸ್ ನಡುವಿನ ದಿನಗಳು

ವಾರಕ್ಕೆ ಮೂರು ಡಯಾಲಿಸಿಸ್ ಎಂಬುದು ರೂಢಿಯ ಪ್ರಮಾಣ. ಖರ್ಚು, ಪ್ರಯಾಣ, ಯಂತ್ರಗಳ ಕೊರತೆಯಿಂದ ನಮ್ಮ ದೇಶದಲ್ಲಿ ಎರಡಕ್ಕೇ ಮುಗಿಸುವವರು ಬಹಳ. ಸೋಮವಾರ, ಗುರುವಾರ ಹೋಗುವವರಿಗೆ ಗುರುವಾರದಿಂದ ಮುಂದಿನ ಸೋಮವಾರದವರೆಗೆ ಯಂತ್ರದ ಸಹಾಯವಿಲ್ಲ. ಪೊಟ್ಯಾಸಿಯಂ ಒಟ್ಟುಗೂಡುವುದು ಆಗಲೇ. 2011ರಲ್ಲಿ ಪ್ರಕಟವಾದ, 32 ಸಾವಿರಕ್ಕೂ ಹೆಚ್ಚು ಅಮೆರಿಕನ್ ರೋಗಿಗಳ ಅಧ್ಯಯನದಲ್ಲಿ, ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಲ್ಲೂ ಎರಡು ದಿನಗಳ ಉದ್ದದ ಅಂತರದ ಬಳಿಕ ಸಾವು ಹೆಚ್ಚಾಗಿತ್ತು. ನಮ್ಮಲ್ಲಿ ಆ ಅಂತರದಲ್ಲೇ ಭಾನುವಾರದ ಮದುವೆ, ಗೃಹಪ್ರವೇಶ, ಪಾಯಸದೂಟ ಬರುತ್ತದೆ. ಊಟದ ವಿಷಯದಲ್ಲಿ ಸ್ವಲ್ಪ ಸಡಿಲಿಕೆ ಬೇಕಿದ್ದರೆ ಯಾವ ದಿನ ಎಂದು ಡಯಾಲಿಸಿಸ್ ಘಟಕದಲ್ಲೇ ಕೇಳಿಕೊಳ್ಳಬೇಕು.

ಅಂತರ ಉದ್ದವಾದರೆ ಏನಾಗುತ್ತದೆಂದು ಈ ಜಿಲ್ಲೆ ಕಂಡಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಸಮಯ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಈ ಕಡೆ ಸಿಕ್ಕಿಬಿದ್ದರು. ಚಿಕಿತ್ಸೆಗೆ ಹೋಗಲಾಗದೆ ಹಲವರು ಪ್ರಾಣ ಕಳೆದುಕೊಂಡರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ರೋಗಿಗಳಿಗೆ ದಾರಿ ಬಿಡಿಸುವಂತೆ ಕೇಂದ್ರಕ್ಕೆ ಆದೇಶಿಸಿತು, ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಮಳೆಗೆ ರಸ್ತೆ ಕುಸಿದರೆ, ಹರತಾಳವಾದರೆ, ಯಂತ್ರ ಕೆಟ್ಟರೆ ಇಂದಿಗೂ ಒಂದು ಸರದಿ ತಪ್ಪಬಹುದು. ಅಂಥ ದಿನಗಳಲ್ಲಿ ಅನ್ನ, ಬಸಿದ ತರಕಾರಿ, ಅಳತೆಯ ನೀರು ಎಂದು ಬಿಗಿ ಹಿಡಿಯುವುದು, ಕೂಡಲೇ ಘಟಕಕ್ಕೆ ಫೋನ್ ಮಾಡಿ ಮುಂದಿನ ಸರದಿ ಕೇಳುವುದು ಮನೆಯವರ ಕೈಯಲ್ಲಿದೆ.

ಲಕ್ಷಣ ಕಾಯಬೇಡಿ

ಪೊಟ್ಯಾಸಿಯಂ ಏರಿದ್ದಕ್ಕೆ ಹೆಚ್ಚಿನ ಸಲ ಲಕ್ಷಣವೇ ಇರುವುದಿಲ್ಲ. ಕೆಲವರಿಗೆ ಕೈಕಾಲಿನಲ್ಲಿ ಬಲ ಕುಂದುವುದು, ಜುಮ್ಮೆನ್ನುವುದು, ಎದೆ ಡವಗುಟ್ಟುವುದು ಅಥವಾ ನಾಡಿ ತೀರಾ ನಿಧಾನವಾಗುವುದು, ತಲೆಸುತ್ತು ಬರುತ್ತದೆ. ಡಯಾಲಿಸಿಸ್ ರೋಗಿಯಲ್ಲಿ ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಮಂಗಳೂರೇ ಆಗಬೇಕೆಂದು ಹಟ ಬೇಡ. ಹೃದಯವನ್ನು ಕಾಯುವ ಕ್ಯಾಲ್ಸಿಯಂ ಇಂಜೆಕ್ಷನ್, ಪೊಟ್ಯಾಸಿಯಂ ಅನ್ನು ಕೋಶಗಳ ಒಳಗೆ ತಳ್ಳುವ ಇನ್ಸುಲಿನ್ ಮತ್ತು ಗ್ಲೂಕೋಸ್ ಸಾಮಾನ್ಯ ಆಸ್ಪತ್ರೆಯಲ್ಲೂ ಕೊಡಬಹುದಾದ ಚಿಕಿತ್ಸೆ. ಇವು ಕೆಲವು ಗಂಟೆಗಳ ಸಮಯ ಕೊಡುತ್ತವೆ, ದೇಹದಿಂದ ಹೊರಹಾಕಲು ಆಮೇಲೆ ಡಯಾಲಿಸಿಸ್ ಬೇಕಾದೀತು. ಹೋದ ಕೂಡಲೇ 'ಇವರು ಡಯಾಲಿಸಿಸ್ ರೋಗಿ, ಕೊನೆಯ ಡಯಾಲಿಸಿಸ್ ಇಂಥ ದಿನ ಆಗಿದೆ' ಎಂದು ಹೇಳಬೇಕು. ಮಲಯಾಳದಲ್ಲಾಗಲಿ ಕನ್ನಡದಲ್ಲಾಗಲಿ ಇದೊಂದು ವಾಕ್ಯ ಅರ್ಧ ಗಂಟೆ ಉಳಿಸುತ್ತದೆ.

ಎದುರು ದಿಕ್ಕಿನ ತಪ್ಪೂ ಆಗುತ್ತದೆ. ರಕ್ತ ತೆಗೆಯುವಾಗ ಸೂಜಿ ಸರಿಯಾಗಿ ಸಿಗದೆ ಎಳೆದಾಡಿದರೆ, ಟ್ಯೂಬನ್ನು ಜೋರಾಗಿ ಅಲುಗಾಡಿಸಿದರೆ ರಕ್ತಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದು ವರದಿಯಲ್ಲಿ ಸುಳ್ಳು ಏರಿಕೆ ಕಾಣುತ್ತದೆ. ಸದಾ 4.8 ಇರುತ್ತಿದ್ದವರಿಗೆ ಕಾರಣವಿಲ್ಲದೆ 6.2 ಬಂದರೆ ವೈದ್ಯರು ಇಸಿಜಿ ನೋಡಿ ಮತ್ತೊಮ್ಮೆ ರಕ್ತ ತೆಗೆಸುತ್ತಾರೆ. ಅದನ್ನು ದುಡ್ಡು ಮಾಡುವ ಉಪಾಯ ಎಂದುಕೊಂಡು ಮನೆಗೆ ಮರಳಬೇಡಿ. ಹಳೆಯ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ತಾರೀಖು ಪ್ರಕಾರ ಇಟ್ಟುಕೊಂಡು ಹೋದರೆ ಈ ವ್ಯತ್ಯಾಸ ಅವರಿಗೆ ಒಂದೇ ನೋಟಕ್ಕೆ ಸಿಗುತ್ತದೆ, ಗಡಿಯ ಈಚೆಯ ಆಸ್ಪತ್ರೆಯಾದರೂ ಆಚೆಯದಾದರೂ.